ಹಳೆಯ ಯಂತ್ರಗರಗಸವನ್ನು ಕೊಳ್ಳುವುದೂ ಅದನ್ನು ತಿದ್ದಿಸುವುದೂ

ದನಗಳ ಜಾತ್ರೆಗೆ ಹೋದ ರೈತನು ಬಾಯಿ ತೆರೆಸಿ ಹಲ್ಲನ್ನು ನೋಡದೆ, ನಾಲ್ಕು ಹೆಜ್ಜೆ ನಡೆಯಿಸಿ ಗೊರಸನ್ನು ಪರೀಕ್ಷಿಸದೆ, ಸುಳಿಯನ್ನು ವಿಚಾರಿಸದೆ ಒಂದು ಜೊತೆ ಎತ್ತಿಗೆ ಹಣವನ್ನು ಎಣಿಸುವುದಿಲ್ಲ. ಮಾರುವವನು ಎತ್ತಿನ ಗುಣವನ್ನು ಎಷ್ಟು ಕೊಂಡಾಡಿದರೂ ಕೊಳ್ಳುವವನ ಕೈ ಅದರ ಬೆನ್ನಿನ ಮೇಲೂ ಕಣ್ಣು ಅದರ ಕಾಲಿನ ಮೇಲೂ ಇರುವುದು. ತಲೆತಲಾಂತರದಿಂದ ಬಂದ ಈ ವಿವೇಕವು ಅದೇ ರೈತನು ಹಳೆಯ ಯಂತ್ರಗರಗಸವೊಂದನ್ನು ಕೊಳ್ಳಹೊರಟಾಗ ಮಾತ್ರ ಮರೆಯಾಗಿಬಿಡುವುದು ಆಶ್ಚರ್ಯದ ಸಂಗತಿ. ಹಗ್ಗವನ್ನು ಒಮ್ಮೆ ಎಳೆದೊಡನೆ ಯಂತ್ರವು ಚಾಲೂ ಆಗಿ ದೊಡ್ಡದಾಗಿ ಶಬ್ದಮಾಡಿದರೆ ಸಾಕು, ವ್ಯಾಪಾರವು ಮುಗಿದುಹೋಗುವುದು.

ರೈತರ ಬಾಯಲ್ಲಿ ಚೈನ್ ಸಾ ಎಂದೂ ಮರ ಕೊಯ್ಯುವ ಮೆಷೀನು ಎಂದೂ ಕರೆಯಿಸಿಕೊಳ್ಳುವ ಈ ಸಾಧನವು ಮಲೆನಾಡಿನ ತೋಟಗಳಲ್ಲಿ ಈಗ ಕತ್ತಿ ಗುದ್ದಲಿಗಳಂತೆಯೇ ಅವಶ್ಯಕವಾಗಿ ಪರಿಣಮಿಸಿದೆ. ಮರಗಸಿಯ ಕೆಲಸಕ್ಕೆ ಕತ್ತಿಯೇ ಸಾಕಾದರೂ, ಬಲಿತ ಸಿಲ್ವರ್ ಓಕ್ ಮರವನ್ನು ಉರುಳಿಸಿ ನಾಟಾ ಮಾಡುವುದಕ್ಕೂ, ಮಳೆಗಾಲದ ಗಾಳಿಗೆ ಕಾಫಿ ಗಿಡಗಳ ಮೇಲೆಯೋ ರಸ್ತೆಗೆ ಅಡ್ಡವಾಗಿಯೋ ಬಿದ್ದ ಮರವನ್ನು ತೆಗೆಯುವುದಕ್ಕೂ, ಸೌದೆ ಮಾಡುವುದಕ್ಕೂ ಇದಿಲ್ಲದೆ ಸಾಗದು. ಹೊಸ ಯಂತ್ರದ ಬೆಲೆಯು ಸಣ್ಣ ಹಿಡುವಳಿದಾರನಿಗೆ ಭಾರವಾದುದರಿಂದ, ದೊಡ್ಡ ತೋಟಗಳಿಂದಲೂ ಮರದ ಗುತ್ತಿಗೆದಾರರಿಂದಲೂ ಕೈಬದಲಾಗಿ ಬರುವ ಹಳೆಯ ಯಂತ್ರಗಳನ್ನು ಅವನು ಕೊಳ್ಳುವುದು ಸಹಜವೇ ಆಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಮುಂದಿನ ಹೆಜ್ಜೆಯಲ್ಲಿ. ಕೊಂಡ ಯಂತ್ರವು ನಿರೀಕ್ಷಿಸಿದಷ್ಟು ಚುರುಕಾಗಿ ಕೊಯ್ಯದೆ ಇದ್ದಾಗ, ಅದರ ದೋಷವೇನೆಂದು ಹುಡುಕದೆ, ಸೈಲೆನ್ಸರಿಗೆ ರಂಧ್ರ ಕೊರೆಯಿಸಿ, ಸಿಲಿಂಡರಿನ ದ್ವಾರಗಳನ್ನು ಅಗಲಮಾಡಿಸಿ, ಉದ್ದನೆಯ ಪಟ್ಟಿಯನ್ನು ಹಾಕಿಸಿ ಅದನ್ನು ಜೋರು ಮಾಡಿಸುವ ಪದ್ಧತಿಯೊಂದು ಉಂಟು. ಹಳೆಯ ಯಂತ್ರಕ್ಕೆ ಇಲ್ಲದ ಬಲವನ್ನು ತುಂಬಲು ವ್ಯಯಿಸುವ ಹಣಕ್ಕಿಂತ, ಅದು ಕಳೆದುಕೊಂಡ ಬಲವನ್ನು ಹಿಂದಕ್ಕೆ ತರಲು ವ್ಯಯಿಸುವ ಹಣವೇ ರೈತನಿಗೆ ಲಾಭದಾಯಕವೆಂಬುದನ್ನೂ, ಜೋರು ಮಾಡಿಸುವ ಉತ್ಸಾಹದಲ್ಲಿ ಬಹುಮಟ್ಟಿಗೆ ನಷ್ಟಕ್ಕೆ ಗುರಿಯಾಗುವವನು ಯಂತ್ರವನ್ನು ಹಿಡಿದ ಆಳೇ ಎಂಬುದನ್ನೂ ಇಲ್ಲಿ ವಿವರಿಸಲಾಗುವುದು.

ಗರಗಸದ ಚರಿತ್ರೆಯ ಪಾಠ

ಈ ಯಂತ್ರದ ಚರಿತ್ರೆಯೇ ಈ ವಿಷಯದಲ್ಲಿ ಒಳ್ಳೆಯ ಪಾಠವನ್ನು ಹೇಳುವುದು. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ ಎಂಬ ಯಂತ್ರಶಿಲ್ಪಿಯು ವಿದ್ಯುಚ್ಛಕ್ತಿಯಿಂದ ನಡೆಯುವ ಸರಪಳಿ ಗರಗಸವನ್ನು 1926ರಲ್ಲಿಯೂ, ಪೆಟ್ರೋಲಿನಿಂದ ನಡೆಯುವುದನ್ನು 1929ರಲ್ಲಿಯೂ ಹೊರತಂದನು. ಅವು ಇಬ್ಬರು ಹಿಡಿದು ನಡೆಸಬೇಕಾದಷ್ಟು ಭಾರವಾಗಿದ್ದವು. ಅಲ್ಲಿಂದ ಎರಡು ದಶಕಗಳಷ್ಟು ಕಾಲ ಯಂತ್ರಗಳು ಸುಧಾರಿಸುತ್ತ ಬಂದರೂ ಸರಪಳಿಯ ಹಲ್ಲುಗಳು ಮಾತ್ರ ಸಾಮಾನ್ಯ ಕೈಗರಗಸದ ಹಲ್ಲುಗಳಂತೆಯೇ ಉಳಿದು, ಬಹುಬೇಗ ಮೊಂಡಾಗಿ, ಪದೇ ಪದೇ ಅರ ಹಾಕಿಸಿಕೊಳ್ಳುತ್ತಿದ್ದವು. ಅಮೆರಿಕದ ಆರೆಗನ್ ಪ್ರಾಂತದಲ್ಲಿ ಮರ ಕಡಿಯುವ ವೃತ್ತಿಯಲ್ಲಿದ್ದ ಜೋಸೆಫ್ ಕಾಕ್ಸ್ ಎಂಬಾತನು 1946ರಲ್ಲಿ, ಮರವನ್ನು ತಿನ್ನುವ ದುಂಬಿಯ ಮರಿಹುಳವೊಂದು ತನ್ನ ಬಾಗಿದ ದವಡೆಗಳಿಂದ ಎಡಕ್ಕೂ ಬಲಕ್ಕೂ ಕೊರೆಯುತ್ತ ಗಟ್ಟಿಮರದಲ್ಲಿ ಸಲೀಸಾಗಿ ಮುಂದುವರಿಯುತ್ತಿದ್ದುದನ್ನು ಕಂಡನು. ಆ ದವಡೆಯ ಆಕಾರವನ್ನು ಅನುಸರಿಸಿ, ಒಂದು ಎಡಕ್ಕೆ ಒಂದು ಬಲಕ್ಕೆ ಬಾಗಿದ ಹಲ್ಲುಗಳುಳ್ಳ ಸರಪಳಿಯನ್ನು 1947ರಲ್ಲಿ ಮಾರಾಟಕ್ಕೆ ತಂದನು. ಇಂದು ಲೋಕದಲ್ಲೆಲ್ಲ ಉಪಯೋಗದಲ್ಲಿರುವ ಸರಪಳಿಗಳು ಬಹುತೇಕ ಇದೇ ಜಾತಿಯವು.

ಹೀಗೆ ಈ ಸಾಧನದಲ್ಲಿ ಆದ ಅತ್ಯಂತ ದೊಡ್ಡ ಸುಧಾರಣೆಗಳಲ್ಲಿ ಒಂದು ಆದದ್ದು ಎಂಜಿನಿನಲ್ಲಿ ಅಲ್ಲ, ಹಲ್ಲಿನಲ್ಲಿ. ಮರವನ್ನು ಕೊಯ್ಯುವುದು ಹಲ್ಲು. ಎಂಜಿನು ಅದನ್ನು ಓಡಿಸುವುದಷ್ಟೆ. ಹಲ್ಲು ಕೆಟ್ಟ ಯಂತ್ರಕ್ಕೆ ಎಂಜಿನಿನ ಬಲವನ್ನು ಹೆಚ್ಚಿಸುವುದು ಮೊಂಡು ಕುಡುಗೋಲಿಗೆ ಉದ್ದನೆಯ ಹಿಡಿಯನ್ನು ಹಾಕಿದಂತೆಯೇ ಸರಿ.

ಕೊಳ್ಳುವ ಮುನ್ನ ಮಾಡತಕ್ಕ ಪರೀಕ್ಷೆ

ಮೊದಲನೆಯದಾಗಿ, ಮಾರುವವನು ಯಂತ್ರವನ್ನು ಚಾಲೂ ಮಾಡಿ ತೋರಿಸುವುದಕ್ಕೆ ಮುಂಚೆಯೇ ಸಿಲಿಂಡರಿನ ಭಾಗವನ್ನು ಕೈಯಿಂದ ಮುಟ್ಟಿ ನೋಡಬೇಕು. ಅದು ಬೆಚ್ಚಗಿದ್ದರೆ, ಕೊಳ್ಳುವವನು ಬರುವುದಕ್ಕೆ ಮೊದಲೇ ಓಡಿಸಿ ಇಟ್ಟಿದ್ದಾನೆಂದು ತಿಳಿಯಬೇಕು. ತಣ್ಣಗಿರುವಾಗ ಏಳದ ಯಂತ್ರವನ್ನು ಬೆಚ್ಚಗೆ ಮಾಡಿ ತೋರಿಸುವುದು ಹಳೆಯ ಉಪಾಯ. ಅಂಥ ಸಂದರ್ಭದಲ್ಲಿ ಯಂತ್ರವು ಪೂರ್ತಿ ತಣಿಯುವವರೆಗೆ ಕಾದಿದ್ದು ಪರೀಕ್ಷಿಸುವುದೇ ಒಳ್ಳೆಯದು.

ಎರಡನೆಯದಾಗಿ, ಸ್ವಿಚ್ಚನ್ನು ಆರಿಸಿ, ಸ್ಟಾರ್ಟರ್ ಹಗ್ಗದ ಹಿಡಿಯಿಂದ ಯಂತ್ರವನ್ನು ಮೆಲ್ಲಗೆ ಮೇಲಕ್ಕೆತ್ತಿ ತೂಗಬಿಡಬೇಕು. ಯಂತ್ರವು ತಡೆತಡೆದು, ಹಂತಹಂತವಾಗಿ ಕೆಳಗಿಳಿದರೆ ಸಿಲಿಂಡರಿನಲ್ಲಿ ಒತ್ತಡವು ಉಳಿದಿದೆಯೆಂದು ಅರ್ಥ. ತಡೆಯಿಲ್ಲದೆ ಸರ್ರನೆ ಇಳಿದರೆ ಪಿಸ್ಟನ್ನಿನ ಉಂಗುರಗಳು ಸವೆದಿವೆ ಎಂದು ಸಂಶಯಪಡಬೇಕು. ಪ್ಲಗ್ಗಿನ ರಂಧ್ರಕ್ಕೆ ಒತ್ತಡದ ಗೇಜನ್ನು ಜೋಡಿಸಿ, ಥ್ರಾಟಲನ್ನು ಪೂರ್ಣವಾಗಿ ತೆರೆದು ಹಗ್ಗವನ್ನು ಐದಾರು ಸಲ ಎಳೆದು ನೋಡಿದರೆ ಸಂಶಯವೇ ಉಳಿಯದು. ಚದರ ಅಂಗುಲಕ್ಕೆ 150 ಪೌಂಡುಗಳ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ಯಂತ್ರವು ಆರೋಗ್ಯವಾಗಿರುವುದು. 120ಕ್ಕಿಂತ ಕೆಳಗಿದ್ದರೆ ರಿಪೇರಿಯ ಖರ್ಚನ್ನು ಬೆಲೆಯಲ್ಲಿ ಕಳೆಯದೆ ಕೊಳ್ಳಕೂಡದು.

ಮೂರನೆಯದಾಗಿ, ಸೈಲೆನ್ಸರಿನ ಸ್ಕ್ರೂಗಳನ್ನು ಬಿಚ್ಚಿ ಅದನ್ನು ತೆಗೆದು, ಹೊಗೆ ಹೊರಬರುವ ದ್ವಾರದಲ್ಲಿ ಪಿಸ್ಟನ್ನನ್ನು ಬೆಳಕು ಹಾಕಿ ನೋಡಬೇಕು. ಎತ್ತಿನ ಹಲ್ಲನ್ನು ನೋಡುವುದಕ್ಕೆ ಸಮಾನವಾದ ಪರೀಕ್ಷೆಯು ಇದೇ. ಪಿಸ್ಟನ್ನಿನ ಮೈ ನಯವಾಗಿದ್ದರೆ ಸಂತೋಷ. ಮೇಲಿನಿಂದ ಕೆಳಕ್ಕೆ ಗೀರುಗಳು ಬಿದ್ದಿದ್ದರೆ, ಅದು ಎಣ್ಣೆ ಸಾಲದೆಯೋ ಗಾಳಿ ಹೆಚ್ಚಾಗಿಯೋ ಒಮ್ಮೆ ಕಾದು ಹಿಡಿದುಕೊಂಡ ಯಂತ್ರ. ಶಬ್ದ ಎಷ್ಟೇ ಇಂಪಾಗಿದ್ದರೂ ಅದನ್ನು ಬಿಟ್ಟು ಬರುವುದು ಕ್ಷೇಮ. ಸೈಲೆನ್ಸರನ್ನು ಬಿಚ್ಚಲು ಮಾರುವವನು ಒಪ್ಪದಿದ್ದರೆ ಅದೂ ಒಂದು ಉತ್ತರವೇ.

ನಾಲ್ಕನೆಯದಾಗಿ, ಹೊರಗಿನ ಭಾಗಗಳನ್ನು ನೋಡಬೇಕು. ಸರಪಳಿ ಓಡುವ ಪಟ್ಟಿಯ ಅಂಚುಗಳು ಹರವಿಕೊಂಡಿವೆಯೆ, ಅದರ ತೋಡಿನಲ್ಲಿ ಸರಪಳಿಯು ಪಕ್ಕಕ್ಕೆ ವಾಲುತ್ತದೆಯೆ, ಪಟ್ಟಿಯ ತುದಿಯ ಚಕ್ರವು ಸಲೀಸಾಗಿ ತಿರುಗುತ್ತದೆಯೆ, ಕ್ಲಚ್ಚಿನ ಪಕ್ಕದ ಹಲ್ಲುಚಕ್ರದಲ್ಲಿ ಆಳವಾದ ಕಚ್ಚು ಬಿದ್ದಿದೆಯೆ ಎಂಬುದನ್ನು ಗಮನಿಸಬೇಕು. ಫ್ಲೈವೀಲನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಅಲುಗಿಸಿದಾಗ ಅದು ಜೋಲಾಡಿದರೆ ಒಳಗಿನ ಬೇರಿಂಗು ಹೋಗಿದೆ. ಪ್ಲಗ್ಗಿನ ತುದಿಯು ಕಂದುಬಣ್ಣವಾಗಿದ್ದರೆ ಉರಿತವು ಸಮವಾಗಿದೆ. ಬೆಳ್ಳಗಿದ್ದರೆ ಪೆಟ್ರೋಲು ಸಾಲುತ್ತಿಲ್ಲ. ಕಪ್ಪಾಗಿ ಒದ್ದೆಯಾಗಿದ್ದರೆ ಪೆಟ್ರೋಲು ಅತಿಯಾಗಿದೆ.

ಐದನೆಯದಾಗಿ, ಯಂತ್ರವನ್ನು ಓಡಿಸಿ ನೋಡತಕ್ಕದ್ದು. ಥ್ರಾಟಲನ್ನು ಬಿಟ್ಟಾಗ ಎಂಜಿನು ನಿಲ್ಲದೆ ಓಡುತ್ತಿರಬೇಕು, ಸರಪಳಿಯು ಮಾತ್ರ ಅಲುಗಾಡದೆ ನಿಂತಿರಬೇಕು. ಯಂತ್ರವನ್ನು ಎಡಕ್ಕೂ ಬಲಕ್ಕೂ ವಾಲಿಸಿದಾಗ ಎಂಜಿನಿನ ವೇಗವು ತಾನಾಗಿ ಏರಿದರೆ ಎಲ್ಲಿಯೋ ಗಾಳಿ ನುಗ್ಗುತ್ತಿರುವುದೆಂದು ಶಂಕಿಸಬೇಕು. ಪಟ್ಟಿಯ ತುದಿಯನ್ನು ಬಿಳಿಯ ಕಾಗದದ ಕಡೆಗೆ ಹಿಡಿದು ವೇಗವನ್ನು ಹೆಚ್ಚಿಸಿದರೆ ಎಣ್ಣೆಯ ಗೆರೆಯು ಮೂಡಬೇಕು; ಮೂಡದಿದ್ದರೆ ಎಣ್ಣೆಯ ಪಂಪು ಕೆಟ್ಟಿದೆ ಅಥವಾ ದಾರಿ ಕಟ್ಟಿದೆ. ಮುಂದಿನ ಕೈರಕ್ಷೆಯನ್ನು ಮುಂದಕ್ಕೆ ನೂಕಿದೊಡನೆ ಓಡುತ್ತಿರುವ ಸರಪಳಿಯು ತಟಕ್ಕನೆ ನಿಲ್ಲಬೇಕು. ಕಟ್ಟಕಡೆಗೆ, ಯಂತ್ರದ ಸಂಖ್ಯೆಯನ್ನೂ ರಸೀತಿಯನ್ನೂ ಹೋಲಿಸಿ ನೋಡುವುದು ಅಗತ್ಯ. ರಸೀತಿಯಿಲ್ಲದ ಅಗ್ಗದ ಯಂತ್ರವು ಕದ್ದ ಮಾಲಾಗಿರುವ ಸಂಭವವನ್ನು ಮರೆಯಕೂಡದು.

ಬೆಲೆಯ ವಿಷಯದಲ್ಲಿ ಒಂದು ಸರಳವಾದ ಲೆಕ್ಕವನ್ನು ಅನುಸರಿಸಬಹುದು. ಹಳೆಯ ಯಂತ್ರಕ್ಕೆ ಕೇಳುವ ಬೆಲೆ, ಅದಕ್ಕೆ ಬೇಕಾದ ಬಿಡಿಭಾಗಗಳ ಬೆಲೆ, ಮೆಕ್ಯಾನಿಕ್ಕಿನ ಕೂಲಿ, ಈ ಮೂರನ್ನೂ ಕೂಡಿಸಿದ ಮೊತ್ತವು ಅದೇ ಅಳತೆಯ ಹೊಸ ಯಂತ್ರದ ಬೆಲೆಯಲ್ಲಿ ನೂರಕ್ಕೆ 60 ಭಾಗವನ್ನು ಮೀರುವುದಾದರೆ ಹೊಸದನ್ನು ಕೊಳ್ಳುವುದೇ ಮಿತವ್ಯಯ. ಬಿಡಿಭಾಗಗಳು ಸಮೀಪದ ಪೇಟೆಯಲ್ಲಿ ದೊರೆಯದ ಯಂತ್ರವನ್ನು ಯಾವ ಬೆಲೆಗೂ ಕೊಳ್ಳಬಾರದು.

ಕಳೆದ ಬಲವನ್ನು ಹಿಂದಕ್ಕೆ ತರುವುದು

ಕೊಂಡು ತಂದ ಯಂತ್ರವು ಸೋತಂತೆ ಕಂಡರೆ, ಅದನ್ನು ಜೋರು ಮಾಡಿಸುವ ಯೋಚನೆಗೆ ಮೊದಲು ಅದೇಕೆ ಸೋತಿದೆಯೆಂದು ವಿಚಾರಿಸುವುದು ನ್ಯಾಯ. ಗಾಳಿಯ ಫಿಲ್ಟರು ಮರದ ಪುಡಿಯಿಂದ ಮುಚ್ಚಿಹೋಗಿರುವುದು, ಪೆಟ್ರೋಲಿನ ಫಿಲ್ಟರು ಕಟ್ಟಿರುವುದು, ಪೆಟ್ರೋಲಿನ ರಬ್ಬರು ಕೊಳವೆಯು ಬಿರುಕುಬಿಟ್ಟಿರುವುದು, ಕಾರ್ಬೊರೇಟರಿನೊಳಗಿನ ತೆಳುವಾದ ಪೊರೆಯು ಗಡುಸಾಗಿರುವುದು, ಸಿಲಿಂಡರಿನ ರೆಕ್ಕೆಗಳ ನಡುವೆ ಜಿಡ್ಡು ಕವಿದು ಶಾಖವು ಹೊರಹೋಗದಿರುವುದು, ಇವೇ ಹೆಚ್ಚಾಗಿ ಕಂಡುಬರುವ ಕಾರಣಗಳು. ಇವುಗಳಲ್ಲಿ ಒಂದಕ್ಕೂ ದೊಡ್ಡ ಖರ್ಚು ಬೇಕಾಗದು. ಸೈಲೆನ್ಸರಿನ ಬಾಯಲ್ಲಿ ಕಿಡಿಯನ್ನು ತಡೆಯುವ ಸಣ್ಣ ಜಾಲರಿಯೊಂದು ಇರುವುದಷ್ಟೆ. ಇದರಲ್ಲಿ ಮಸಿ ಕಟ್ಟಿಕೊಂಡರೆ ಯಂತ್ರವು ಉಸಿರು ಕಟ್ಟಿದಂತೆ ಓಡುವುದು. ಜಾಲರಿಯನ್ನು ತೆಗೆದು ತಂತಿಯ ಬ್ರಷ್ಷಿನಿಂದ ಉಜ್ಜಿ ಮತ್ತೆ ಹಾಕಿದರೆ ಬಲವು ಹಿಂದಿರುಗುವುದು. ಆದರೆ ಜಾಲರಿಯನ್ನು ಕಿತ್ತು ಎಸೆದವನೂ ಅದೇ ಫಲವನ್ನು ಕಂಡು, ತಾನು ಯಂತ್ರವನ್ನು ಸುಧಾರಿಸಿದೆನೆಂದು ಭ್ರಮಿಸುವುದುಂಟು. ಬೇಸಗೆಯಲ್ಲಿ ಒಣಗಿದ ತರಗೆಲೆಯ ಮೇಲೆ ಒಂದು ಕಿಡಿ ಬಿದ್ದರೆ ಈ ಸುಧಾರಣೆಯ ಬೆಲೆ ಏನೆಂಬುದು ಕಾಡಂಚಿನ ರೈತರಿಗೆ ಹೇಳಬೇಕಾಗಿಲ್ಲ.

ಪೆಟ್ರೋಲಿಗೆ ಬೆರಸುವ ಎಣ್ಣೆಯ ವಿಷಯದಲ್ಲಿ ಉದಾಸೀನವು ಸಲ್ಲದು. ಯಂತ್ರದ ತಯಾರಕರು 50ಕ್ಕೆ 1 ಭಾಗವೆಂದು ವಿಧಿಸಿದ್ದರೆ ಲೀಟರಿಗೆ 20 ಮಿಲಿಲೀಟರು, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರು ಟೂ ಸ್ಟ್ರೋಕ್ ಎಣ್ಣೆಯನ್ನು ಅಳೆದು ಹಾಕಬೇಕು, ಕಣ್ಣಂದಾಜು ಸಾಲದು. ಈಗ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ 20ರ ವರೆಗೆ ಎಥನಾಲ್ ಬೆರೆತಿರುವುದರಿಂದ ಅದು ತೇವವನ್ನು ಹೀರಿಕೊಂಡು, ಬಹುಕಾಲ ಒಳಗೆ ನಿಂತರೆ ಹಳೆಯ ರಬ್ಬರು ಕೊಳವೆಗಳನ್ನೂ ಪೊರೆಗಳನ್ನೂ ಕೆಡಿಸುವುದು. ಆದಕಾರಣ ಮಿಶ್ರಣವನ್ನು ಬೇಕಾದಷ್ಟೇ ಮಾಡಿಕೊಂಡು, ಮಳೆಗಾಲಕ್ಕೆ ಯಂತ್ರವನ್ನು ಎತ್ತಿಡುವ ಮುನ್ನ ಟ್ಯಾಂಕನ್ನು ಬರಿದುಮಾಡಿ, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿಡತಕ್ಕದ್ದು. ಸರಪಳಿಗೆ ಲಾರಿಯ ಸುಟ್ಟ ಆಯಿಲನ್ನು ಹಾಕುವ ರೂಢಿಯನ್ನೂ ಬಿಡುವುದು ಮೇಲು. ಅದರಲ್ಲಿ ಸೇರಿರುವ ಲೋಹದ ಪುಡಿಯು ಪಂಪನ್ನೂ ಪಟ್ಟಿಯನ್ನೂ ಸವೆಯಿಸುವುದಲ್ಲದೆ, ಸಿಡಿಯುವ ಎಣ್ಣೆಯು ಆಳಿನ ಚರ್ಮಕ್ಕೂ ತೋಟದ ಮಣ್ಣಿಗೂ ಕೇಡು.

ಸರಪಳಿಯ ಹರಿತ

ಇಷ್ಟು ಮಾಡಿದ ಮೇಲೆ ಉಳಿಯುವುದು ಸರಪಳಿ. ಅದರ ಸ್ಥಿತಿಯನ್ನು ತಿಳಿಯಲು ಯಾವ ಗೇಜೂ ಬೇಡ. ಕೊಯ್ಯುವಾಗ ಕೆಳಗೆ ಬೀಳುವುದನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ಸಾಕು. ಚಕ್ಕೆಯಾಗಿ ಬಿದ್ದರೆ ಸರಪಳಿಯು ಹರಿತವಾಗಿದೆ. ರಾಗಿಹಿಟ್ಟಿನಂತೆ ಉದುರಿದರೆ ಮೊಂಡಾಗಿದೆ. ಹರಿತವಾದ ಸರಪಳಿಯು ಯಂತ್ರದ ಭಾರಕ್ಕೇ ಮರದೊಳಕ್ಕೆ ಇಳಿಯುವುದು. ಮೊಂಡಾದುದನ್ನು ಆಳು ತೋಳಿನ ಬಲದಿಂದ ಒತ್ತಬೇಕಾಗುವುದು. ಒತ್ತಿದಷ್ಟೂ ಎಂಜಿನು ಕಾಯುವುದು, ಪಟ್ಟಿಯು ಸವೆಯುವುದು, ಆಳು ದಣಿಯುವನು, ದಣಿದ ಕೈಯು ತಪ್ಪುವುದು.

ಅರ ಹಾಕುವುದಕ್ಕೆ ಸರಪಳಿಯ ಅಳತೆಗೆ ತಕ್ಕ ದುಂಡನೆಯ ಅರವೇ ಬೇಕು. ಸಣ್ಣ ಯಂತ್ರಗಳ ತೆಳುವಾದ 3/8 ಅಂಗುಲದ ಸರಪಳಿಗೆ 4 ಮಿಲಿಮೀಟರಿನ ಅರವೂ, .325 ಅಂಗುಲದ ಸರಪಳಿಗೆ 4.8 ಮಿಲಿಮೀಟರಿನ ಅರವೂ, ದೊಡ್ಡ ಯಂತ್ರಗಳ 3/8 ಅಂಗುಲದ ಸರಪಳಿಗೆ 5.2 ಅಥವಾ 5.5 ಮಿಲಿಮೀಟರಿನ ಅರವೂ ಸಾಮಾನ್ಯವಾಗಿ ಸಲ್ಲುವುವು. ಸರಪಳಿಯ ಪೆಟ್ಟಿಗೆಯ ಮೇಲೆ ಬೇರೆ ಹೇಳದಿದ್ದರೆ 30 ಡಿಗ್ರಿಯ ಓರೆಯಲ್ಲಿ, ಒಳಗಿನಿಂದ ಹೊರಕ್ಕೆ ಮಾತ್ರ ಅರವನ್ನು ನೂಕಬೇಕು. ಹಿಂದಕ್ಕೆ ಎಳೆದು ಉಜ್ಜಕೂಡದು. ಎಲ್ಲ ಹಲ್ಲುಗಳೂ ಒಂದೇ ಉದ್ದಕ್ಕೆ ಬರಬೇಕು. ಒಂದು ಬದಿಯವು ಗಿಡ್ಡಗಾದರೆ ಕೊಯ್ತವು ಬಾಳೆಹಣ್ಣಿನಂತೆ ಬಾಗುವುದು. ಪ್ರತಿ ಹಲ್ಲಿನ ಮುಂದೆ ಗೂಟದಂಥ ತುಣುಕೊಂದಿದ್ದು, ಹಲ್ಲು ಎಷ್ಟು ಆಳಕ್ಕೆ ಕಚ್ಚಬೇಕೆಂಬುದನ್ನು ಅದು ನಿರ್ಧರಿಸುವುದು. ಇದನ್ನು ಮಿತಿಗೂಟವೆನ್ನಬಹುದು. ಇದು ಹಲ್ಲಿನ ತುದಿಗಿಂತ ಸುಮಾರು 0.65 ಮಿಲಿಮೀಟರು ತಗ್ಗಿರುವುದು ಬಹುಪಾಲು ಸರಪಳಿಗಳಿಗೆ ಸರಿಯಾದ ಅಳತೆ. ಬೇಗ ಕೊಯ್ಯಲೆಂದು ಮಿತಿಗೂಟವನ್ನು ಬಹಳ ತಗ್ಗಿಸಿದರೆ ಹಲ್ಲು ಮಿತಿಮೀರಿ ಕಚ್ಚಿ, ಯಂತ್ರವು ಆಳಿನ ಮುಖದ ಕಡೆಗೆ ಚಿಮ್ಮುವ ಅಪಾಯವು ಹೆಚ್ಚುವುದು.

ಮಣ್ಣು ಮೆತ್ತಿದ ದಿಮ್ಮಿಯನ್ನು ತೊಳೆಯದೆ ಅಥವಾ ತೊಗಟೆಯನ್ನು ಕೆತ್ತದೆ ಕೊಯ್ದರೂ, ತುದಿಯು ಒಮ್ಮೆ ನೆಲವನ್ನು ಮುಟ್ಟಿದರೂ ಕ್ಷಣಮಾತ್ರದಲ್ಲಿ ಹರಿತವು ಹೋಗುವುದು. ಎರಡು ಸರಪಳಿಗಳನ್ನು ಇಟ್ಟುಕೊಂಡು ಸರದಿಯ ಮೇಲೆ ಹಾಕುವುದು, ಎರಡೂ ಸವೆದಾಗ ಹಲ್ಲುಚಕ್ರವನ್ನೂ ಬದಲಾಯಿಸುವುದು, ಪಟ್ಟಿಯನ್ನು ಆಗಾಗ್ಗೆ ಮೇಲುಕೆಳಗಾಗಿ ತಿರುಗಿಸಿ ಹಾಕುವುದು, ಇವು ಖರ್ಚು ಕಡಮೆಯಾದ ಆದರೆ ಫಲವು ಹೆಚ್ಚಾದ ಕ್ರಮಗಳು.

ಜೋರು ಮಾಡಿಸುವ ವಿಚಾರ

ಇನ್ನು ಎಂಜಿನನ್ನು ತಿದ್ದಿಸುವ ವಿಚಾರ. ಸೈಲೆನ್ಸರನ್ನು ತೆರೆಯಿಸಿದರೆ ಬಲವು ಹೆಚ್ಚುವುದೇ ಇಲ್ಲವೆಂದು ವಾದಿಸುವುದು ಸತ್ಯಕ್ಕೆ ದೂರವಾದೀತು. ತಯಾರಕರು ಶಬ್ದವನ್ನೂ ಹೊಗೆಯನ್ನೂ ಕಿಡಿಯನ್ನೂ ತಡೆಯುವುದಕ್ಕಾಗಿ ಹೊಗೆಯ ದಾರಿಯನ್ನು ಕಿರಿದು ಮಾಡಿರುವರು. ಅದನ್ನು ಅಗಲಿಸಿದರೆ ಎಂಜಿನು ಹೆಚ್ಚು ಸಲೀಸಾಗಿ ಉಸಿರಾಡುವುದು ನಿಜ. ಸಿಲಿಂಡರಿನ ದ್ವಾರಗಳನ್ನು ನುರಿತ ಕೈ ತಿದ್ದಿದರೂ, ಸಿಲಿಂಡರಿನ ಕೆಳಗಿನ ಗ್ಯಾಸ್ಕೆಟ್ಟನ್ನು ತೆಗೆದು ಒತ್ತಡವನ್ನು ಏರಿಸಿದರೂ ಬಲವು ಹೆಚ್ಚಬಲ್ಲುದು. ಹೊರದೇಶಗಳಲ್ಲಿ ಮರ ಕೊಯ್ಯುವ ಪಂದ್ಯಗಳಿಗಾಗಿ ಹೀಗೆ ತಿದ್ದಿದ ಯಂತ್ರಗಳು ಉಂಟು. ಆದರೆ ಪಂದ್ಯದ ಯಂತ್ರವು ಕೆಲವು ಕ್ಷಣ ಓಡಿದರೆ ಸಾಕು, ತೋಟದ ಯಂತ್ರವು ಹಲವು ವರ್ಷ ಬಾಳಬೇಕು.

ಅಪಾಯವಿರುವುದು ಹೀಗೆ. ಟೂ ಸ್ಟ್ರೋಕ್ ಎಂಜಿನಿಗೆ ಬೇರೆ ಎಣ್ಣೆಯ ತೊಟ್ಟಿಯಿಲ್ಲ. ಪೆಟ್ರೋಲಿನಲ್ಲಿ ಬೆರೆತು ಬರುವ ಎಣ್ಣೆಯೇ ಪಿಸ್ಟನ್ನಿಗೆ ಜಿಡ್ಡು. ಹೊಗೆಯ ದಾರಿಯನ್ನು ಅಗಲಿಸಿದಾಗ ಎಂಜಿನು ಹೆಚ್ಚು ಗಾಳಿಯನ್ನು ಎಳೆದುಕೊಳ್ಳುವುದು. ಕಾರ್ಬೊರೇಟರಿನ ಎಚ್ ಗುರುತಿನ ಸ್ಕ್ರೂವನ್ನು ತೆರೆದು ಅದಕ್ಕೆ ತಕ್ಕಷ್ಟು ಪೆಟ್ರೋಲನ್ನು ಕೊಡದಿದ್ದರೆ ಗಾಳಿಯ ಪ್ರಮಾಣಕ್ಕೆ ಪೆಟ್ರೋಲು ಸಾಲದೆ, ಅದರೊಡನೆ ಎಣ್ಣೆಯೂ ಸಾಲದೆ, ಶಾಖವು ಮಾತ್ರ ಏರುವುದು. ಅಂಥ ಯಂತ್ರವು ಮೊದಲ ಕೆಲವು ದಿನ ಅತ್ಯಂತ ಚುರುಕಾಗಿ ಓಡಿ ಯಜಮಾನನನ್ನು ಸಂತೋಷಪಡಿಸಿ, ಒಂದು ಮಧ್ಯಾಹ್ನ ದೊಡ್ಡ ಮರದ ನಡುವೆ ಹಿಡಿದುಕೊಂಡು ನಿಂತುಬಿಡುವುದು. ಆಗ ಪಿಸ್ಟನ್ನಿನ ಮೇಲೆ ಮೂಡುವ ಗೀರುಗಳೇ ಕೊಳ್ಳುವಾಗ ಹುಡುಕಬೇಕೆಂದು ಮೇಲೆ ಹೇಳಿದ ಗೀರುಗಳು.

ಕಾರ್ಬೊರೇಟರನ್ನು ಹೊಂದಿಸುವಲ್ಲಿ ಕಿವಿಗೆ ಒಂದು ಗುರುತುಂಟು. ಭಾರವಿಲ್ಲದೆ ಪೂರ್ಣವೇಗದಲ್ಲಿ ಓಡಿಸಿದಾಗ ಎಂಜಿನಿನ ಶಬ್ದವು ಸ್ವಲ್ಪ ತೊದಲುವಂತಿದ್ದು, ಹಲ್ಲು ಮರಕ್ಕೆ ತಾಗಿದೊಡನೆ ಸ್ವಚ್ಛವಾಗಬೇಕು. ಭಾರವಿಲ್ಲದಾಗಲೇ ಕಿರಿಚುವಂತೆ ಸ್ವಚ್ಛವಾಗಿದ್ದರೆ ಪೆಟ್ರೋಲು ಸಾಲದು. ಆದರೂ ವೇಗವನ್ನು ಅಳೆಯುವ ಗೇಜಿನಿಂದ, ತಯಾರಕರು ಹೇಳಿದ ಸುತ್ತುಗಳಿಗೆ ಹೊಂದಿಸುವುದೇ ನಿಶ್ಚಿತವಾದ ಮಾರ್ಗ. ಕೆಲವು ಹೊಸ ಮಾದರಿಗಳಲ್ಲಿ ಯಂತ್ರವು ತನ್ನನ್ನು ತಾನೇ ಹೊಂದಿಸಿಕೊಳ್ಳುವುದರಿಂದ ಅವುಗಳಿಗೆ ಈ ಮಾತು ಅನ್ವಯಿಸದು. ಒತ್ತಡದ ಗೇಜು, ವೇಗದ ಗೇಜು, ಗಾಳಿಯ ಸೋರಿಕೆಯನ್ನು ಹಿಡಿಯುವ ಪಂಪು, ಈ ಮೂರೂ ಇಲ್ಲದ ಅಂಗಡಿಯಲ್ಲಿ ಸಿಲಿಂಡರನ್ನು ತಿದ್ದಿಸುವುದು ಕಣ್ಣು ಕಟ್ಟಿಕೊಂಡು ಬಾವಿಯ ದಂಡೆಯಲ್ಲಿ ನಡೆದಂತೆ.

ಉದ್ದನೆಯ ಪಟ್ಟಿಯ ಮೋಹವೂ ಹೀಗೆಯೇ. 16 ಅಂಗುಲದ ಪಟ್ಟಿಗೆಂದು ಮಾಡಿದ 45 ಸಿ.ಸಿ. ಯಂತ್ರಕ್ಕೆ 22 ಅಂಗುಲದ ಪಟ್ಟಿಯನ್ನು ಹಾಕಿದರೆ, ಅದೇ ಎಂಜಿನು ಹೆಚ್ಚು ಹಲ್ಲುಗಳನ್ನು ಎಳೆಯಬೇಕಾಗಿ ಕ್ಲಚ್ಚು ಕಾಯುವುದು, ಎಣ್ಣೆಯು ತುದಿಯವರೆಗೆ ಮುಟ್ಟದು, ಕೊಯ್ತವು ನಿಧಾನವಾಗುವುದು. ಬಲವನ್ನು ಹೆಚ್ಚಿಸಲು ಹೊರಟು ಬಲವನ್ನು ಕಳೆದುಕೊಳ್ಳುವ ಮಾರ್ಗವಿದು.

ಲಾಭನಷ್ಟದ ಲೆಕ್ಕವನ್ನೂ ನೋಡಬಹುದು. ಸಣ್ಣ ಬೆಳೆಗಾರನೊಬ್ಬನು ವರ್ಷಕ್ಕೆ 10 ದಿನ, ದಿನಕ್ಕೆ 3 ಗಂಟೆಯಂತೆ ಯಂತ್ರವನ್ನು ಓಡಿಸುವನೆಂದು ಇಟ್ಟುಕೊಂಡರೆ ಒಟ್ಟು 30 ಗಂಟೆಯಾಯಿತು. ಎಂಜಿನನ್ನು ತಿದ್ದಿಸಿದ್ದರಿಂದ ಕೊಯ್ತವು ನೂರಕ್ಕೆ 10ರಷ್ಟು ಬೇಗನಾದರೂ ವರ್ಷದಲ್ಲಿ ಅವನಿಗೆ ಉಳಿಯುವುದು ಮೂರು ಗಂಟೆಗೂ ಕಡಮೆ. ಒಂದು ನಿಮಿಷದ ಕೊಯ್ತಕ್ಕೆ ಮೊಂಡು ಸರಪಳಿಯು ಎರಡು ನಿಮಿಷ ತೆಗೆದುಕೊಳ್ಳುವುದಾದರೆ, ಅರ ಹಾಕದ ತಪ್ಪಿಗೆ ಅವನು ತೆರುವುದು ಪೂರ್ತಿ 30 ಗಂಟೆ. ಮೂರು ಗಂಟೆಯ ಲಾಭಕ್ಕಾಗಿ ಎಂಜಿನನ್ನು ಒತ್ತೆಯಿಟ್ಟು, ಮೂವತ್ತು ಗಂಟೆಯ ನಷ್ಟವನ್ನು ನೋಡದಿರುವುದು ವ್ಯವಸಾಯಗಾರನ ಬುದ್ಧಿಗೆ ಒಪ್ಪುವ ಮಾತಲ್ಲ. ದಿನವೂ ಮರ ಕೊಯ್ದೇ ಜೀವಿಸುವ, ಯಂತ್ರದ ಒಳಹೊರಗನ್ನು ಬಲ್ಲ ವೃತ್ತಿಗಾರನ ಲೆಕ್ಕವು ಬೇರೆಯಾಗಿರಬಹುದು. ಆದರೆ ಅವನಾದರೂ ಮೊದಲು ಕೈಯಿಡುವುದು ಅರಕ್ಕೇ.

ತೆಗೆಯಕೂಡದ ಭಾಗಗಳು

ಯಂತ್ರವನ್ನು ಹಗುರ ಮಾಡುವ ನೆಪದಲ್ಲಿ, ಅಥವಾ ಕೆಟ್ಟುದನ್ನು ಸರಿಪಡಿಸುವ ಖರ್ಚನ್ನು ಉಳಿಸಲು, ಕೆಲವು ಭಾಗಗಳನ್ನು ಕಿತ್ತುಹಾಕುವುದುಂಟು. ಇದನ್ನು ಎಷ್ಟು ಖಂಡಿಸಿದರೂ ಸಾಲದು. ಪೂರ್ಣವೇಗದಲ್ಲಿ ಸರಪಳಿಯು ಸೆಕೆಂಡಿಗೆ ಸುಮಾರು 20 ಮೀಟರು ಓಡುವುದು. ಪಟ್ಟಿಯ ತುದಿಯ ಮೇಲ್ಭಾಗವು ಕೊಂಬೆಗೋ ಪಕ್ಕದ ದಿಮ್ಮಿಗೋ ತಾಗಿದರೆ ಯಂತ್ರವು ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಹಿಡಿದವನ ಮುಖ ಭುಜಗಳ ಕಡೆಗೆ ಚಿಮ್ಮುವುದು. ಮನುಷ್ಯನ ಕೈ ಅದನ್ನು ತಡೆಯುವಷ್ಟು ಚುರುಕಾದುದಲ್ಲ. ಇದಕ್ಕಾಗಿಯೇ 1970ರ ದಶಕದ ಆರಂಭದಲ್ಲಿ ತಯಾರಕರು ಮುಂದಿನ ಕೈರಕ್ಷೆಗೆ ಬ್ರೇಕನ್ನು ಜೋಡಿಸಿದರು. ಈ ಬ್ರೇಕು, ತುಂಡಾದ ಸರಪಳಿಯನ್ನು ಹಿಡಿಯುವ ಕೊಕ್ಕೆ, ಥ್ರಾಟಲು ತಾನಾಗಿ ಒತ್ತಿಕೊಳ್ಳದಂತೆ ತಡೆಯುವ ಬೀಗ, ಅದುರನ್ನು ತಡೆಯುವ ರಬ್ಬರು ಅಥವಾ ಸ್ಪ್ರಿಂಗು, ಇವುಗಳಲ್ಲಿ ಒಂದು ಇಲ್ಲದಿದ್ದರೂ ಯಂತ್ರವು ಕೆಲಸಕ್ಕೆ ಯೋಗ್ಯವಲ್ಲ.

ಇಲ್ಲಿ ಒಂದು ನ್ಯಾಯದ ಪ್ರಶ್ನೆಯೂ ಅಡಗಿದೆ. ಬ್ರೇಕನ್ನು ಸರಿಪಡಿಸದೆ ಉಳಿಸಿದ ಹಣವು ಯಜಮಾನನ ಪೆಟ್ಟಿಗೆಯಲ್ಲಿ ಉಳಿಯುವುದು; ಯಂತ್ರವು ಚಿಮ್ಮಿದಾಗ ಸೀಳುವುದು ಕೂಲಿಯಾಳಿನ ತೊಡೆ. ಯಂತ್ರವು ಸರಿಯಿಲ್ಲವೆಂದು ಹೇಳಿದರೆ ನಾಳೆಯ ಕೂಲಿ ತಪ್ಪೀತೆಂಬ ಭಯದಿಂದ ಅವನು ಸುಮ್ಮನಿರುವನು. ತೆರೆದ ಸೈಲೆನ್ಸರಿನ ಶಬ್ದದಿಂದ ಯಜಮಾನನು ದೂರ ನಿಲ್ಲಬಲ್ಲನು, ಆಳು ನಿಲ್ಲಲಾರನು. ತಿದ್ದದ ಯಂತ್ರದ ಶಬ್ದವೇ ಹಿಡಿದವನ ಕಿವಿಯ ಬಳಿ 100 ಡೆಸಿಬಲ್ ಮೀರುವುದು ಸಾಮಾನ್ಯ. ದಿನಕ್ಕೆ ಎಂಟು ಗಂಟೆಯ ಕೆಲಸಕ್ಕೆ 85 ಡೆಸಿಬಲ್ ಮೀರಬಾರದೆಂಬುದು ತಜ್ಞರ ಮತ. ವರ್ಷಗಟ್ಟಲೆ ಇದನ್ನು ಕೇಳಿದವನ ಕಿವಿಯು ಮಂದವಾಗುವುದು, ಅದುರನ್ನು ಸಹಿಸಿದವನ ಬೆರಳುಗಳು ಬಿಳಿಚಿ ಜೋಮು ಹಿಡಿಯುವುವು. ಇವು ಒಂದೇ ದಿನ ಕಾಣುವ ಗಾಯಗಳಲ್ಲವಾದುದರಿಂದ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಆದಕಾರಣ ಎಂಜಿನನ್ನು ಜೋರು ಮಾಡಿಸಲು ಮೀಸಲಿಟ್ಟ ಹಣವಿದ್ದರೆ, ಅದರಿಂದ ಹೆಲ್ಮೆಟ್ಟು, ಕಿವಿಯ ಮುಚ್ಚಳ, ಕಣ್ಣಿನ ಜಾಲರಿ, ಸರಪಳಿಗೆ ಸಿಕ್ಕಿ ಅದನ್ನು ನಿಲ್ಲಿಸುವ ನಾರಿನ ಪದರವುಳ್ಳ ಕಾಲುಗವಸು, ಇವುಗಳನ್ನು ಕೊಳ್ಳುವುದು ಎಲ್ಲಕ್ಕಿಂತ ಉತ್ತಮವಾದ ಸುಧಾರಣೆ.

ಮರ ಕೊಯ್ಯುವ ಮುನ್ನ ಅನುಮತಿಯ ವಿಷಯವನ್ನೂ ಮರೆಯಕೂಡದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ವಂತ ಜಮೀನಿನ ಮರಗಳಲ್ಲಿಯೂ ಅನೇಕ ಜಾತಿಗಳನ್ನು ಕಡಿಯಲು ಅನುಮತಿಯು ಬೇಕು. ಯಾವುದಕ್ಕೆ ಬೇಕು, ಯಾವುದಕ್ಕೆ ವಿನಾಯಿತಿ ಎಂಬುದನ್ನು ಸಮೀಪದ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಜಾಣತನ.

ಸಹಕಾರದಿಂದ ಆಗಬಹುದಾದ ಕೆಲಸ

ಮೇಲೆ ಹೇಳಿದ ಪರೀಕ್ಷೆಗಳಿಗೆ ಬೇಕಾದ ಗೇಜುಗಳನ್ನು ಪ್ರತಿಯೊಬ್ಬ ರೈತನೂ ಕೊಂಡಿಟ್ಟುಕೊಳ್ಳುವುದು ಸಾಧ್ಯವೂ ಅಲ್ಲ, ಅವಶ್ಯಕವೂ ಅಲ್ಲ. ಮಲೆನಾಡಿನ ಊರುಗಳಲ್ಲಿ ಸೇವಾ ಸಹಕಾರ ಸಂಘಗಳು ಗೊಬ್ಬರ ಬೀಜಗಳನ್ನು ಒದಗಿಸುತ್ತಿರುವುವು; ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳೂ ಇರುವುವು. ಇವುಗಳಲ್ಲಿ ಒಂದು ಒತ್ತಡದ ಗೇಜನ್ನೂ ವೇಗದ ಗೇಜನ್ನೂ ಇಟ್ಟು, ಸರಪಳಿಗೆ ಅರ ಹಾಕಬಲ್ಲ ಊರಿನ ಯುವಕನೊಬ್ಬನಿಗೆ ತರಬೇತಿಯನ್ನು ಕೊಡಿಸಿದರೆ ಅನೇಕ ಮಂದಿಗೆ ಉಪಕಾರವಾಗುವುದು. ಹಳೆಯ ಯಂತ್ರವನ್ನು ಕೊಳ್ಳುವವನು ಅಲ್ಲಿಗೆ ತಂದು ಪರೀಕ್ಷಿಸಿಕೊಂಡು ಹೋಗಬಹುದು. ಪರೀಕ್ಷೆಗೆ ಒಪ್ಪದ ಮಾರಾಟಗಾರನ ಯಂತ್ರವನ್ನು ಕೊಳ್ಳದೆ ಬಿಡಬಹುದು. ಆ ಯುವಕನಿಗೂ ಊರಿನಲ್ಲಿಯೇ ಒಂದು ಉದ್ಯೋಗವಾಗುವುದು. ಇದಕ್ಕೆ ಬೇಕಾಗುವ ಬಂಡವಾಳವು ಒಂದು ಹೊಸ ಯಂತ್ರದ ಬೆಲೆಯನ್ನೂ ಮುಟ್ಟದು.

ಹಳೆಯದೆಂದ ಮಾತ್ರಕ್ಕೆ ಯಂತ್ರವು ಹೀನವಲ್ಲ. ಚೆನ್ನಾಗಿ ಆರಿಸಿ, ಶುದ್ಧಪಡಿಸಿ, ಹರಿತವಾಗಿಟ್ಟುಕೊಂಡ ಹಳೆಯ ಗರಗಸವು ಅಲಕ್ಷ್ಯಕ್ಕೆ ಗುರಿಯಾದ ಹೊಸದನ್ನು ಸುಲಭವಾಗಿ ಮೀರಿಸುವುದು. ಎತ್ತು ಸೋತಿತೆಂದು ಚಾಟಿಯನ್ನು ಉದ್ದ ಮಾಡುವ ರೈತನನ್ನು ಊರಿನವರು ಹೊಗಳುವುದಿಲ್ಲ; ಮೇವು ಹಾಕಿ, ಲಾಳ ಕಟ್ಟಿಸಿ, ಹೆಗಲನ್ನು ನೋಡಿಕೊಂಡವನ ಬೇಸಾಯವೇ ಮುಂದಾಗುವುದು. ಮರ ಕೊಯ್ಯುವ ಯಂತ್ರಕ್ಕೂ ಇದೇ ನ್ಯಾಯ. ರೈತರು ಈ ಬೇಸಗೆಯ ಕೆಲಸಕ್ಕೆ ತೊಡಗುವ ಮುನ್ನ ಎಂಜಿನಿನ ಮುಚ್ಚಳವನ್ನು ಬಿಚ್ಚುವುದಕ್ಕಿಂತ ಮೊದಲು ಸರಪಳಿಯ ಹಲ್ಲನ್ನೂ ಬ್ರೇಕನ್ನೂ ನೋಡುವುದು ಅವರ ಹಣಕ್ಕೂ ಅವರ ಆಳಿನ ಜೀವಕ್ಕೂ ಕ್ಷೇಮ.